ಓದುಗರ ಪ್ರಶ್ನೆಗಳು: ಕಪ್ಪುಬಿಳುಪು ಚಿತ್ರಕ್ಕೆ ಯಾವ ಇಂಕ್, ಯಾವ ಪ್ರಿಂಟರ್?

ಬಣ್ಣದ ಚಿತ್ರವನ್ನು ಕಂಪ್ಯೂಟರಿನಲ್ಲಿ ಕಪ್ಪುಬಿಳುಪಿಗೆ ತರುವುದು ಹೇಗೆ ಎಂದು ಈ ಅಂಕಣದಲ್ಲಿ ಬರೆದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವುಗಳ ಅಳಲು ಒಂದೇ: ಪರದೆಯ ಮೇಲೆ ಕಣ್ಣಿಗೆ ಹಿತವಾಗಿದ್ದ ಚಿತ್ರ ಕಾಗದಕ್ಕೆ ಇಳಿದಾಗ ಯಾಕೆ ಕೆಡುತ್ತದೆ? ಈ ಸಲದ ಜಾಗವನ್ನೆಲ್ಲ ಅದಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ಮೇಡಂ, ನನ್ನ ಹತ್ತಿರ ಆರು ಬಣ್ಣದ ಇಂಕ್‌ಜೆಟ್ ಫೋಟೋ ಪ್ರಿಂಟರ್ ಇದೆ. ನಮ್ಮಜ್ಜಿಯ ಭಾವಚಿತ್ರವನ್ನು ಕಪ್ಪುಬಿಳುಪಿನಲ್ಲಿ ಪ್ರಿಂಟ್ ತೆಗೆದೆ. ರಾತ್ರಿ ಬಲ್ಬಿನ ಬೆಳಕಿನಲ್ಲಿ ಸರಿಯಾಗಿಯೇ ಇತ್ತು. ಬೆಳಿಗ್ಗೆ ಕಿಟಕಿಯ ಹತ್ತಿರ ಹಿಡಿದರೆ ಮುಖವೆಲ್ಲ ಹಸಿರು ಹೊಡೆದ ಹಾಗಿದೆ. ಡ್ರೈವರಿನಲ್ಲಿ (ಕಂಪ್ಯೂಟರಿನಿಂದ ಪ್ರಿಂಟರನ್ನು ನಡೆಸುವ ತಂತ್ರಾಂಶದಲ್ಲಿ) ಹಸಿರು ತಗ್ಗಿಸಿ ಇನ್ನೊಂದು ತೆಗೆದೆ. ಅದು ಹಗಲಲ್ಲಿ ಸರಿ, ರಾತ್ರಿ ಕೆಂಪು. ಪ್ರಿಂಟರ್ ಕೆಟ್ಟಿದೆಯೇ?

ಉತ್ತರ: ಪ್ರಿಂಟರ್ ಕೆಟ್ಟಿಲ್ಲ. ಅದರಲ್ಲಿ ಇರುವ ಇಂಕಿನಿಂದ ಅದು ಮಾಡಬಹುದಾದದ್ದನ್ನೇ ಮಾಡಿದೆ. ನಿಮ್ಮ ಯಂತ್ರದ ಆರು ಇಂಕುಗಳನ್ನು ಒಮ್ಮೆ ಎಣಿಸಿ ನೋಡಿ: ಸಯಾನ್ (ಹಸಿರು ಬೆರೆತ ನೀಲಿ), ಮೆಜೆಂಟಾ (ನೇರಳೆ ಬೆರೆತ ಕೆಂಪು), ಹಳದಿ, ತಿಳಿ ಸಯಾನ್, ತಿಳಿ ಮೆಜೆಂಟಾ, ಕಪ್ಪು. ಇದರಲ್ಲಿ ಬೂದು ಎಲ್ಲಿದೆ? ಇಲ್ಲ. ಅಜ್ಜಿಯ ಕೆನ್ನೆಯ ಮೇಲಿನ ತಿಳಿ ಬೂದನ್ನು ಬರೀ ಕಪ್ಪು ಇಂಕಿನಿಂದ ಕೊಡಲು ಹೋದರೆ ಚುಕ್ಕೆಗಳು ಕಣ್ಣಿಗೆ ಕಾಣುತ್ತವೆ. ಹಾಗಾಗಿ ಪ್ರಿಂಟರ್ ತಿಳಿ ಸಯಾನ್, ತಿಳಿ ಮೆಜೆಂಟಾ, ಹಳದಿ ಮೂರನ್ನೂ ಕೂಡಿಸಿ ಬೂದಿನ ಭ್ರಮೆ ಹುಟ್ಟಿಸುತ್ತದೆ.

ಈ ಮೂರರಲ್ಲಿ ಒಂದೊಂದೂ ಬೆಳಕಿನ ಒಂದೊಂದು ಭಾಗವನ್ನು ಹೀರುತ್ತದೆ. ಹಳೆಯ ಬಲ್ಬಿನ ಬೆಳಕಿನಲ್ಲಿ ಕೆಂಪು ಹೆಚ್ಚು, ಕಿಟಕಿಯ ಬೆಳಕಿನಲ್ಲಿ ನೀಲಿ ಹೆಚ್ಚು. ಬೀಳುವ ಬೆಳಕು ಬದಲಾದರೆ ಮೂರರ ನಡುವಿನ ಸಮತೋಲ ತಪ್ಪುತ್ತದೆ, ಬೂದು ಯಾವುದಾದರೂ ಒಂದು ಬಣ್ಣದ ಕಡೆಗೆ ವಾಲುತ್ತದೆ. ಇದಕ್ಕೆ ಮೆಟಾಮೆರಿಸಂ ಎನ್ನುತ್ತಾರೆ. ಚಿತ್ರದ ಫೈಲಿನಲ್ಲಿ ಕೆಂಪು, ಹಸಿರು, ನೀಲಿಯ ಅಂಕಿಗಳು ಸರಿಸಮ ಇದ್ದರೂ ಪ್ರಯೋಜನವಿಲ್ಲ. ಅಂಕಿ ಇರುವುದು ಫೈಲಿನಲ್ಲಿ, ಗೋಡೆಯ ಮೇಲೆ ತೂಗುವುದು ಇಂಕು. ಡ್ರೈವರಿನಲ್ಲಿ ನೀವು ಮಾಡಿದ ತಿದ್ದುಪಡಿ ಒಂದು ಬೆಳಕಿಗೆ ಮಾತ್ರ ಹೊಂದುತ್ತದೆ, ಇನ್ನೊಂದರಲ್ಲಿ ಕೈಕೊಡುತ್ತದೆ.

ದೊಡ್ಡ ಕಂಪನಿಗಳೂ ಇದೇ ತೊಂದರೆಯಲ್ಲಿ ಹಾದು ಬಂದಿವೆ. 2000ದಲ್ಲಿ ಬಂದ ಎಪ್ಸನ್ ಸ್ಟೈಲಸ್ ಫೋಟೋ 2000ಪಿ ಪಿಗ್ಮೆಂಟ್ ಇಂಕಿನದು (ಬಣ್ಣ ಕರಗದೆ ಕಣಗಳಾಗಿ ಇರುವ ಇಂಕು), ಬಹುಕಾಲ ಬಾಳುವ ಪ್ರಿಂಟ್ ಅದರ ಹೆಗ್ಗಳಿಕೆ. ಆದರೆ ಅದರ ಬೂದು ಹಗಲು ಬೆಳಕಿನಲ್ಲಿ ಹಸಿರಾಗುತ್ತದೆ ಎಂಬ ದೂರು ಎಲ್ಲೆಲ್ಲೂ ಹಬ್ಬಿತು. 2002ರ ಮಾದರಿಯಲ್ಲಿ ಕಪ್ಪಿನ ಜೊತೆಗೆ ತಿಳಿಗಪ್ಪು ಸೇರಿತು. 2005ರಲ್ಲಿ ಆರ್2400 ಪ್ರಿಂಟರಿನ ಜೊತೆ ಬಂದ ಅಲ್ಟ್ರಾಕ್ರೋಮ್ ಕೆ3 ಇಂಕಿನಲ್ಲಿ ಏಕಕಾಲಕ್ಕೆ ಮೂರು ಹಂತದ ಕಪ್ಪು: ಗಾಢ, ತಿಳಿ, ಇನ್ನೂ ತಿಳಿ. ಮನೆಯ ಮೇಜಿನ ಮೇಲಿನ ಪ್ರಿಂಟರಿನಿಂದ ನಂಬಿಕೆಗೆ ಅರ್ಹವಾದ ಕಪ್ಪುಬಿಳುಪು ಬರತೊಡಗಿದ್ದು ಆಗಿನಿಂದ ಎಂದೇ ನನ್ನ ಅಭಿಪ್ರಾಯ. ಪಿಗ್ಮೆಂಟಿನ ಕಪ್ಪು ಎಂದರೆ ಇಂಗಾಲದ ಕಣ. ಅದು ಬೆಳಕಿನ ಎಲ್ಲ ಭಾಗವನ್ನೂ ಹೆಚ್ಚುಕಡಿಮೆ ಒಂದೇ ಸಮ ಹೀರುತ್ತದೆ, ಆದ್ದರಿಂದ ದೀಪ ಬದಲಾದರೂ ಪಕ್ಷ ಬದಲಿಸುವುದಿಲ್ಲ. ತೆಳುವಾದಾಗ ಮಾತ್ರ ಇಂಗಾಲ ತುಸು ಕಂದಾಗಿ ಕಾಣುತ್ತದೆ. ಅದನ್ನು ಸರಿದೂಗಿಸಲು ಪ್ರಿಂಟರ್ ಚೂರು ಸಯಾನ್, ಚೂರು ಮೆಜೆಂಟಾ ಬೆರೆಸುತ್ತದೆ. ಅಷ್ಟು ಬೆರಕೆಯಿಂದ ತೊಂದರೆಯಿಲ್ಲ.

ನಿಮ್ಮ ಈಗಿನ ಯಂತ್ರದಲ್ಲೇ ಮುಂದುವರಿಯುವುದಾದರೆ, ಚಿತ್ರಕ್ಕೆ ಬೇಕೆಂದೇ ಸ್ವಲ್ಪ ಬೆಚ್ಚನೆಯ ಕಂದು ಟೋನ್ ಕೊಡಿ. ಕಂದು ಮುಖವನ್ನು ಕಣ್ಣು ಒಪ್ಪಿಕೊಳ್ಳುತ್ತದೆ, ಹಸಿರು ಮುಖವನ್ನು ಎಂದಿಗೂ ಒಪ್ಪುವುದಿಲ್ಲ. ಕಂದಿನೊಳಗೆ ಅಲ್ಪಸ್ವಲ್ಪ ಏರುಪೇರು ಅಡಗಿಹೋಗುತ್ತದೆ. ಚಿತ್ರ ತೂಗುಹಾಕುವ ಗೋಡೆ ಯಾವುದೆಂದು ಮೊದಲೇ ಗೊತ್ತಿದ್ದರೆ ಆ ಗೋಡೆಯ ಬೆಳಕಿನಲ್ಲೇ ಪರೀಕ್ಷೆಯ ಪ್ರಿಂಟನ್ನು ನೋಡಿ. ಯಂತ್ರದಿಂದ ಹೊರಬಂದ ತಕ್ಷಣ ತೀರ್ಪು ಕೊಡಬೇಡಿ. ಇಂಕ್ ಆರುವವರೆಗೂ ಟೋನ್ ಕದಲುತ್ತಲೇ ಇರುತ್ತದೆ, ಮಾರನೆಯ ದಿನ ನೋಡಿದರೆ ಒಳ್ಳೆಯದು.

ಪ್ರಶ್ನೆ: ಹೊಸ ಪ್ರಿಂಟರ್ ಕೊಳ್ಳಬೇಕೆಂದಿದ್ದೇನೆ. ಒಬ್ಬರು ಹತ್ತು ಬಣ್ಣ ಎನ್ನುತ್ತಾರೆ, ಇನ್ನೊಬ್ಬರು ಹನ್ನೆರಡು. ನಾನು ತೆಗೆಯುವುದು ಬರೀ ಕಪ್ಪುಬಿಳುಪು. ದಯವಿಟ್ಟು ಹೆಸರು ಹೇಳಿ, ಸುತ್ತಿಬಳಸಿ ಬೇಡ.

ಉತ್ತರ: ಸರಿ. ಒಟ್ಟು ಬಣ್ಣ ಎಷ್ಟು ಎಂದು ಕೇಳಬೇಡಿ, ಕಪ್ಪು ಮತ್ತು ಬೂದು ಸೇರಿ ಎಷ್ಟು ಎಂದು ಕೇಳಿ. ಕೆಂಪು, ನೇರಳೆ, ಕಿತ್ತಳೆ ಇಂಕುಗಳು ನಿಮ್ಮ ಕೆಲಸಕ್ಕೆ ಬರುವುದಿಲ್ಲ.

ಎಪ್ಸನ್ ಪಿ700 ಮತ್ತು ಪಿ900: ಹತ್ತು ಇಂಕು. ಅದರಲ್ಲಿ ಫೋಟೋ ಬ್ಲ್ಯಾಕ್, ಮ್ಯಾಟ್ ಬ್ಲ್ಯಾಕ್, ಗ್ರೇ, ಲೈಟ್ ಗ್ರೇ. ಮೊದಲನೆಯದು 13 ಇಂಚು ಅಗಲದ್ದು, ಎರಡನೆಯದು 17 ಇಂಚು. ಹಿಂದಿನ ಪಿ600, ಪಿ800ಗಳಲ್ಲಿ ಎರಡು ಕಪ್ಪಿಗೂ ಒಂದೇ ದಾರಿ. ಮ್ಯಾಟ್ ಎಂಬ ಹೊಳಪಿಲ್ಲದ ಕಾಗದದಿಂದ ಗ್ಲಾಸಿ ಎಂಬ ಹೊಳಪಿನ ಕಾಗದಕ್ಕೆ ಹೋಗಬೇಕಾದರೆ ಪ್ರತಿ ಸಲವೂ ಕೊಳವೆಯಲ್ಲಿದ್ದ ಇಂಕನ್ನು ಚೆಲ್ಲಬೇಕಿತ್ತು. ಈಗ ಎರಡಕ್ಕೂ ಇಂಕು ಚಿಮ್ಮಿಸುವ ಬೇರೆ ಬೇರೆ ನಾಜಲ್‌ಗಳಿವೆ. ಇವುಗಳ ಡ್ರೈವರಿನಲ್ಲಿ ಅಡ್ವಾನ್ಸ್ಡ್ ಬ್ಲ್ಯಾಕ್ ಅಂಡ್ ವೈಟ್ ಎಂಬ ಆಯ್ಕೆ ಇದೆ. ಅದನ್ನು ಒತ್ತಿದರೆ ಬೂದಿನ ಭಾರವನ್ನೆಲ್ಲ ಕಪ್ಪಿನ ಇಂಕುಗಳೇ ಹೊರುತ್ತವೆ, ಬಣ್ಣದ ಇಂಕು ಟೋನ್ ತಿದ್ದಲು ಮಾತ್ರ.

ಕ್ಯಾನನ್ ಪ್ರೊ-1000: ಹನ್ನೆರಡು ಇಂಕು, 17 ಇಂಚು ಅಗಲ. ಎರಡು ಕಪ್ಪು, ಎರಡು ಬೂದು, ಜೊತೆಗೆ ಕ್ರೋಮಾ ಆಪ್ಟಿಮೈಸರ್ ಎಂಬ ಬಣ್ಣವಿಲ್ಲದ ದ್ರವ. ಗ್ಲಾಸಿ ಕಾಗದದ ಮೇಲೆ ಪಿಗ್ಮೆಂಟ್ ಬಿದ್ದ ಜಾಗ ಒಂದು ಬಗೆಯಲ್ಲಿ, ಬೀಳದ ಬಿಳಿ ಜಾಗ ಇನ್ನೊಂದು ಬಗೆಯಲ್ಲಿ ಹೊಳೆಯುತ್ತದೆ. ಓರೆಯಾಗಿ ಹಿಡಿದರೆ ಕಪ್ಪಿನ ಮೇಲೆ ಕಂಚಿನ ಮಿರುಗೂ ಕಾಣುತ್ತದೆ. ಈ ದ್ರವ ಎರಡನ್ನೂ ತಗ್ಗಿಸುತ್ತದೆ. ಚಿಕ್ಕವನು ಪ್ರೊ-300, ಅದರಲ್ಲಿ ಬೂದು ಒಂದೇ.

ಕ್ಯಾನನ್ ಪ್ರೊ-200 ಡೈ ಇಂಕಿನದು (ಬಣ್ಣ ದ್ರವದಲ್ಲಿ ಕರಗಿರುವ ಇಂಕು), ಆದರೂ ಗ್ರೇ, ಲೈಟ್ ಗ್ರೇ ಎರಡೂ ಇವೆ. ಗ್ಲಾಸಿ ಕಾಗದದ ಮೇಲೆ ಅದರ ಕಪ್ಪು ಬಹಳ ಚೆಂದ. ಹತ್ತಿಯ ಮ್ಯಾಟ್ ಕಾಗದಕ್ಕೆ ಅದನ್ನು ನಾನು ಆರಿಸುವುದಿಲ್ಲ. ಟ್ಯಾಂಕಿಗೆ ಇಂಕು ಸುರಿಯುವ ಯಂತ್ರವೇ ಬೇಕು ಎನ್ನುವವರಿಗೆ ಎಪ್ಸನ್ ಇಟಿ-8550 ಇದೆ, ಕೆಲವು ಕಡೆ ಅದರ ಹೆಸರು ಎಲ್8180. ಒಂದು ಬೂದು ಇಂಕು ಇರುವುದರಿಂದ ಆರು ಬಣ್ಣದ ಹಳೆಯ ಟ್ಯಾಂಕ್ ಪ್ರಿಂಟರುಗಳಿಗಿಂತ ಎಷ್ಟೋ ಮೇಲು.

ನನಗೆ ಒಂದನ್ನೇ ಆರಿಸು ಎಂದರೆ, ನಾನು ಹೆಚ್ಚು ತೆಗೆಯುವುದು ಮ್ಯಾಟ್ ಹತ್ತಿ ಕಾಗದದ ಮೇಲೆ, ಹಾಗಾಗಿ ಪಿ900. ಬರೀ ಹೊಳಪಿನ ಬರೈಟಾ ಕಾಗದ ಬಳಸುವವರಾದರೆ ಪ್ರೊ-1000. ತಿಂಗಳುಗಟ್ಟಲೆ ಯಂತ್ರವನ್ನು ಮುಚ್ಚಿಡುವವರಾದರೆ ಎರಡೂ ಬೇಡ, ಒಳ್ಳೆಯ ಪ್ರಿಂಟ್ ಲ್ಯಾಬಿಗೆ ಫೈಲ್ ಕೊಡಿ. ಪಿಗ್ಮೆಂಟ್ ಪ್ರಿಂಟರನ್ನು ಓಡಿಸದೆ ಇಟ್ಟರೆ ನಾಜಲಿನಲ್ಲಿ ಇಂಕ್ ಒಣಗಿ ಕೂರುತ್ತದೆ. ಕ್ಲೀನಿಂಗ್ ಮಾಡಿ ಮಾಡಿ ಚೆಲ್ಲುವ ಇಂಕಿನಲ್ಲಿ ಎಷ್ಟೋ ಚಿತ್ರ ತೆಗೆಯಬಹುದಿತ್ತು.

ಪ್ರಶ್ನೆ: ಡೈ ಇಂಕು ಬೇಗ ಮಾಸುತ್ತದೆ ಎನ್ನುವುದು ನಿಜವೇ?

ಉತ್ತರ: ಬಹುಮಟ್ಟಿಗೆ ನಿಜ, ಆದರೆ ಕಾಗದವನ್ನು ಬಿಟ್ಟು ಇಂಕಿನ ಆಯುಷ್ಯ ಹೇಳಲು ಬರುವುದಿಲ್ಲ. ಡೈ ಎಂದರೆ ದ್ರವದಲ್ಲಿ ಪೂರ್ತಿ ಕರಗಿದ ಬಣ್ಣ, ಕಾಗದದ ಲೇಪದೊಳಗೆ ಇಳಿಯುತ್ತದೆ. ಪಿಗ್ಮೆಂಟ್ ಎಂದರೆ ಕರಗದ ಕಣ, ಸುಮಾರು ಒಂದು ಮೈಕ್ರಾನಿನ ಹತ್ತನೇ ಒಂದು ಭಾಗದಷ್ಟು ಗಾತ್ರದ್ದು, ಮೇಲ್ಮೈಯಲ್ಲೇ ನಿಲ್ಲುತ್ತದೆ. ಕಣದ ಹೊರಪದರ ಬೆಳಕಿನ ಪೆಟ್ಟು ತಿಂದರೂ ಒಳಗಿನದು ಉಳಿಯುತ್ತದೆ. ಒಂಟಿ ಅಣುವಿಗೆ ಆ ರಕ್ಷಣೆ ಇಲ್ಲ. ತಕ್ಷಣ ಒಣಗುವ ಇಂದಿನ ಫೋಟೋ ಕಾಗದಗಳ ಲೇಪ ತೂತುತೂತಾಗಿರುವುದರಿಂದ ಗಾಳಿಯಲ್ಲಿನ ಓಜೋನ್ ಕೂಡ ಒಳಗೆ ನುಗ್ಗಿ ಡೈಯನ್ನು ಕೆಡಿಸುತ್ತದೆ. ಡೈ ಪ್ರಿಂಟನ್ನು ಗಾಜು ಹಾಕದೆ ಗೋಡೆಗೆ ಅಂಟಿಸಬೇಡಿ, ಆಲ್ಬಮ್ಮಿನಲ್ಲಿ ಇಟ್ಟರೆ ಎಷ್ಟೋ ಕಾಲ ಇರುತ್ತದೆ. ಹೆನ್ರಿ ವಿಲ್ಹೆಮ್ ಅವರ ವಿಲ್ಹೆಮ್ ಇಮೇಜಿಂಗ್ ರಿಸರ್ಚ್ ಸಂಸ್ಥೆ ಪ್ರಿಂಟುಗಳ ಬಾಳಿಕೆಯನ್ನು ಪರೀಕ್ಷಿಸಿ ಪ್ರಕಟಿಸುತ್ತದೆ. ಅಲ್ಲಿಯೂ ಇಂಕು ಮತ್ತು ಕಾಗದದ ಜೋಡಿಗೇ ಅಂಕಿ ಕೊಡುತ್ತಾರೆ.

ಕಪ್ಪುಬಿಳುಪಿನವರಿಗೆ ಇಲ್ಲಿ ಇನ್ನೊಂದು ಮಾತಿದೆ. ಮೂರು ಬಣ್ಣ ಬೆರೆಸಿ ಮಾಡಿದ ಬೂದಿನಲ್ಲಿ ಒಂದು ಬಣ್ಣ ಮೊದಲು ಮಾಸುತ್ತದೆ, ಉಳಿದೆರಡು ನಿಲ್ಲುತ್ತವೆ. ಆಗ ಚಿತ್ರ ತಿಳಿಯಾಗುವುದಿಲ್ಲ, ಇಡೀ ಮುಖಕ್ಕೆ ಬಣ್ಣ ಏರುತ್ತದೆ. ಬಣ್ಣದ ಚಿತ್ರದಲ್ಲಿ ಗಮನಕ್ಕೇ ಬಾರದಷ್ಟು ಸಣ್ಣ ಬದಲಾವಣೆ ಇಲ್ಲಿ ಎದ್ದು ಕಾಣುತ್ತದೆ. ಇಂಗಾಲದ ಬೂದಿನಲ್ಲಿ ಈ ಭಯ ಬಹಳ ಕಡಿಮೆ. ಮೊಮ್ಮಕ್ಕಳ ಕೈಸೇರಬೇಕಾದ ಚಿತ್ರಗಳನ್ನು ಪಿಗ್ಮೆಂಟಿನಲ್ಲೇ ತೆಗೆಯಿರಿ ಎಂದು ಇದಕ್ಕಾಗಿಯೇ ಒತ್ತಿ ಹೇಳುತ್ತೇನೆ.

ಪ್ರಶ್ನೆ: ಡ್ರೈವರಿನಲ್ಲಿ ಕಪ್ಪು ಇಂಕು ಮಾತ್ರ ಬಳಸುವ ಆಯ್ಕೆ ಇದೆಯಲ್ಲ, ಹಸಿರು ಬರುವ ರಗಳೆಯೇ ಇರುವುದಿಲ್ಲವಲ್ಲ?

ಉತ್ತರ: ಬಣ್ಣದ ರಗಳೆ ಇರುವುದಿಲ್ಲ, ನಿಜ. ಒಂದು ಲೂಪ್ (ಚಿಕ್ಕ ಭೂತಗನ್ನಡಿ) ಹಿಡಿದು ಆ ಪ್ರಿಂಟನ್ನು ನೋಡಿ. ಕೂದಲಿನಲ್ಲಿ, ಕಪ್ಪು ಕೋಟಿನಲ್ಲಿ ಚುಕ್ಕೆಗಳು ಒಂದರ ಮೇಲೊಂದು ಬಿದ್ದು ಗಟ್ಟಿಯಾಗಿ ಕೂಡಿಕೊಂಡಿರುತ್ತವೆ. ಹಣೆಗೆ ಬನ್ನಿ. ಬಿಳಿ ಕಾಗದದ ಮೇಲೆ ಬಿಡಿಬಿಡಿ ಕರಿ ಚುಕ್ಕೆ, ನಡುವೆ ಖಾಲಿ. ಹಣೆಯ ಮೇಲೆ ಬೆಳಕು ಮೆಲ್ಲಗೆ ಇಳಿಯುವ ಜಾಗದಲ್ಲಿ ಆ ಇಳಿತವೇ ಇಲ್ಲ, ಚುಕ್ಕೆಗಳ ನಡುವಿನ ಅಂತರ ಮಾತ್ರ ಹೆಚ್ಚುಕಡಿಮೆ. ಅದೇ ಚಿತ್ರವನ್ನು ಮೂರು ಹಂತದ ಕಪ್ಪಿನಲ್ಲಿ ತೆಗೆದು ಅದೇ ಹಣೆಯ ಮೇಲೆ ಲೂಪ್ ಇಡಿ. ತಿಳಿ ಇಂಕಿನ ಚುಕ್ಕೆಗಳು ಒತ್ತೊತ್ತಾಗಿ ಬಿದ್ದು ಕಾಗದವನ್ನು ಮುಚ್ಚಿರುತ್ತವೆ, ಒಂದೊಂದಾಗಿ ಬೇರ್ಪಡಿಸಿ ನೋಡುವುದೇ ಕಷ್ಟ. ಬೂದು ಇಂಕಿಗೆ ಹಣ ಕೊಡುವುದು ಇಷ್ಟಕ್ಕಾಗಿ. ಹಳೆಯ ವೇಗದ ಫಿಲ್ಮಿನ ಒರಟು ಕಣ ಬೇಕೆನ್ನುವ ಬೀದಿ ಚಿತ್ರಗಳಿಗೆ, ದೂರದಿಂದ ನೋಡುವ ದೊಡ್ಡ ಪ್ರಿಂಟಿಗೆ ಬರೀ ಕಪ್ಪು ನಡೆಯುತ್ತದೆ. ಮುಖಗಳಿಗೆ ಬೇಡ.

ಪ್ರಶ್ನೆ: ಲೇಸರ್ ಪ್ರಿಂಟರಿನಲ್ಲಿ?

ಉತ್ತರ: ಕಚೇರಿಯ ಲೇಸರಿನಲ್ಲಿ ಬೂದು ಬರುವುದು ಪತ್ರಿಕೆಯ ಚಿತ್ರದಂತೆ ಜಾಲರಿ ಚುಕ್ಕೆಗಳಿಂದ. ಚಿತ್ರಗಳ ಕ್ರಮ ನೋಡಿಕೊಳ್ಳಲು, ಪುಸ್ತಕದ ಡಮ್ಮಿ ಮಾಡಲು ಸಾಕು.

ಪ್ರಶ್ನೆ: ದುಬಾರಿ ಹತ್ತಿ ಕಾಗದ ತಂದೆ. ಅದರ ಮೇಲೆ ಕಪ್ಪು ಸತ್ತಂತಿದೆ, ಇದ್ದಿಲ ಪುಡಿ ಬಳಿದ ಹಾಗೆ. ಗ್ಲಾಸಿಯಲ್ಲಿ ಚೆನ್ನಾಗಿಯೇ ಬರುತ್ತದೆ. ಕಾಗದ ನಕಲಿ ಇರಬಹುದೇ?

ಉತ್ತರ: ಕಾಗದವನ್ನು ದೂರುವ ಮುನ್ನ ಡ್ರೈವರಿನಲ್ಲಿ ಮೀಡಿಯಾ ಟೈಪ್ (ಕಾಗದದ ಬಗೆ) ಏನಿದೆ ನೋಡಿ. ಅಲ್ಲಿ ಗ್ಲಾಸಿ ಎಂದಿದ್ದರೆ ಪ್ರಿಂಟರ್ ಫೋಟೋ ಬ್ಲ್ಯಾಕ್ ಹಾಕುತ್ತದೆ, ಮ್ಯಾಟ್ ಕಾಗದದ ಮೇಲೆ ಅದು ಬೂದುಗಪ್ಪಾಗಿಯೇ ನಿಲ್ಲುತ್ತದೆ. ಮ್ಯಾಟ್ ಕಾಗದಕ್ಕೆ ಮ್ಯಾಟ್ ಬ್ಲ್ಯಾಕೇ ಬೇಕು. ಇದಕ್ಕೆ ವಿರುದ್ಧವೂ ಅಷ್ಟೇ ಕೆಟ್ಟದ್ದು: ಗ್ಲಾಸಿಯ ಮೇಲೆ ಮ್ಯಾಟ್ ಬ್ಲ್ಯಾಕ್ ಬಿದ್ದರೆ ಹಿಡಿದು ಕೂರುವುದಿಲ್ಲ, ಬೆರಳಿಗೆ ಹತ್ತುತ್ತದೆ.

ಅದು ಸರಿಯಿದ್ದೂ ಮ್ಯಾಟಿನ ಕಪ್ಪು ಗ್ಲಾಸಿಯಷ್ಟು ಆಳಕ್ಕೆ ಹೋಗುವುದಿಲ್ಲ. ಕಪ್ಪಿನ ಗಾಢತೆಯನ್ನು ಡಿಮ್ಯಾಕ್ಸ್ ಎಂದು ಅಳೆಯುತ್ತಾರೆ. ಒಳ್ಳೆಯ ಮ್ಯಾಟ್ ಕಾಗದದಲ್ಲಿ ಅದು 1.6ರಿಂದ 1.7ರ ಸುಮಾರು, ಒಳ್ಳೆಯ ಬರೈಟಾದಲ್ಲಿ 2.3ರ ಆಸುಪಾಸು. ಅಂಕಿ ನೋಡಿದರೆ ವ್ಯತ್ಯಾಸ ಸಣ್ಣದು. ಆದರೆ 1.7 ಎಂದರೆ ಬಿದ್ದ ಬೆಳಕಿನಲ್ಲಿ ಶೇ. 2ರಷ್ಟು ಮರಳುತ್ತದೆ, 2.3 ಎಂದರೆ ಶೇ. 0.5 ಮಾತ್ರ. ನಾಲ್ಕು ಪಟ್ಟು ಅಂತರ. ಡಾರ್ಕ್‌ರೂಮಿನಲ್ಲಿ ಬೆಳ್ಳಿಯ ಕಾಗದದ ಮೇಲೆ ನಾವು ಸಂಭ್ರಮಿಸುತ್ತಿದ್ದ ಕಪ್ಪು 2.1ರ ಹತ್ತಿರದ್ದು, ಇಂದಿನ ಇಂಕ್‌ಜೆಟ್ ಬರೈಟಾ ಅದನ್ನೂ ಮೀರುತ್ತದೆ. ಇಷ್ಟಾಗಿಯೂ ಮ್ಯಾಟಿನ ಮೇಲೆ ನನಗಿರುವ ಒಲವು ಕಡಿಮೆಯಾಗಿಲ್ಲ. ಮುದುಕರ ಕೈ, ಮಂಜು, ಹಳೆಯ ಗೋಡೆ, ಬಟ್ಟೆಯ ಮಡಿಕೆ ಇವುಗಳಿಗೆ ಬೇಕಾದದ್ದು ನಡುವಿನ ಬೂದುಗಳು. ಅವು ಹತ್ತಿ ಕಾಗದದ ಮೇಲೆ ಮೈದಡವುವಷ್ಟು ಹತ್ತಿರ ಬರುತ್ತವೆ. ರಾತ್ರಿಯ ಚಿತ್ರ, ಒದ್ದೆ ಕಲ್ಲು, ಲೋಹ ಬರೈಟಾಕ್ಕೆ ಹೋಗಲಿ. ಮ್ಯಾಟಿಗೆ ಕಳಿಸುವ ಮೊದಲು ಫೈಲಿನಲ್ಲಿ ನೆರಳಿನ ಭಾಗವನ್ನು ಸ್ವಲ್ಪ ತೆರೆದುಕೊಡಿ, ಇಲ್ಲವಾದರೆ ಅಲ್ಲಿನ ವಿವರವೆಲ್ಲ ಒಂದೇ ಮುದ್ದೆಯಾಗುತ್ತದೆ.

ಕಾಗದ ಕೊಳ್ಳುವಾಗ ಆಪ್ಟಿಕಲ್ ಬ್ರೈಟ್‌ನರ್ ಇದೆಯೇ ಎಂದೂ ವಿಚಾರಿಸಿ. ಅತಿ ಬಿಳುಪಿನ ಕಾಗದಗಳಲ್ಲಿ ಇರುವ ಈ ರಾಸಾಯನಿಕ ಅತಿನೇರಳೆ ಕಿರಣವನ್ನು ಹೀರಿ ನೀಲಿ ಬೆಳಕು ಸೂಸುತ್ತದೆ. ವರ್ಷಗಳು ಕಳೆದಂತೆ ಅದರ ಶಕ್ತಿ ಉಡುಗಿ ಕಾಗದ ಹಳದಿ ತಿರುಗುತ್ತದೆ. ಇಂಕು ಉಳಿದು ಬಿಳುಪು ಹೋದರೆ ಕಪ್ಪುಬಿಳುಪಿನಲ್ಲಿ ಅರ್ಧ ಹೋದಂತೆಯೇ.

ಪ್ರಶ್ನೆ: ಪ್ರತಿ ಪ್ರಿಂಟೂ ಪರದೆಯಲ್ಲಿದ್ದುದಕ್ಕಿಂತ ಕಪ್ಪಾಗಿ ಬರುತ್ತದೆ. ಇಂಕಿನ ದೋಷವೇ?

ಉತ್ತರ: ಹತ್ತಕ್ಕೆ ಒಂಬತ್ತು ಸಲ ಪರದೆಯ ದೋಷ. ಅಂಗಡಿಯಿಂದ ಬಂದ ಮಾನಿಟರ್ ಕಣ್ಣು ಕುಕ್ಕುವಷ್ಟು ಪ್ರಕಾಶಕ್ಕೆ ಇಟ್ಟಿರುತ್ತದೆ. ಪ್ರಿಂಟ್ ಕೆಲಸಕ್ಕೆ ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾ ಸಾಕು. ಆಮೇಲೆ, ಬಣ್ಣದ ಹೊಣೆಯನ್ನು ಒಬ್ಬರಿಗೇ ಕೊಡಿ. ಫೋಟೋ ತಂತ್ರಾಂಶದಲ್ಲಿ ಕಾಗದದ ಐಸಿಸಿ ಪ್ರೊಫೈಲ್ (ಆ ಕಾಗದದ ಮೇಲೆ ಬಣ್ಣ ಹೇಗೆ ಬರುತ್ತದೆ ಎಂದು ತಿಳಿಸುವ ಫೈಲ್) ಹಾಕಿದರೆ ಡ್ರೈವರಿನಲ್ಲಿ ಕಲರ್ ಮ್ಯಾನೇಜ್‌ಮೆಂಟ್ ಆಫ್ ಇರಬೇಕು. ಅಡ್ವಾನ್ಸ್ಡ್ ಬ್ಲ್ಯಾಕ್ ಅಂಡ್ ವೈಟ್ ಬಳಸಿದರೆ ಪ್ರಿಂಟರೇ ನೋಡಿಕೊಳ್ಳಲಿ. ಕೆಲವು ಎಪ್ಸನ್ ಡ್ರೈವರುಗಳ ಆ ಆಯ್ಕೆಯಲ್ಲಿ ಟೋನ್ ಮೊದಲಿನಿಂದಲೇ ಡಾರ್ಕರ್ ಎಂದಿರುತ್ತದೆ, ಅದನ್ನು ನಾರ್ಮಲ್‌ಗೆ ಇಟ್ಟು ಹೋಲಿಸಿ ನೋಡಿ.

ಇಂಕು ಕಾಗದದ ಜೋಡಿ ಹೊಸದಾದಾಗಲೆಲ್ಲ ನಾನು ಮೊದಲು ತೆಗೆಯುವುದು ಚಿತ್ರವನ್ನಲ್ಲ, ಬೂದಿನ ಪಟ್ಟಿಯನ್ನು. ಬಿಳಿಯಿಂದ ಕಪ್ಪಿನವರೆಗೆ ಶೇ. 5ರ ಅಂತರದಲ್ಲಿ 21 ಚೌಕ. ಆರಿದ ಮೇಲೆ ಕಿಟಕಿಯ ಬಳಿ ಹಿಡಿದು ಎರಡು ತುದಿಗಳನ್ನು ನೋಡುತ್ತೇನೆ. ಕಪ್ಪಿನ ತುದಿಯಲ್ಲಿ 90, 95, 100 ಮೂರೂ ಬೇರೆಬೇರೆಯಾಗಿ ಕಾಣುತ್ತಿವೆಯೇ? ಮೂರೂ ಸೇರಿ ಒಂದೇ ಕರಿ ಪಟ್ಟಿಯಾಗಿದ್ದರೆ ಕಾಗದಕ್ಕೆ ಇಂಕು ಹೆಚ್ಚಾಗಿದೆ ಅಥವಾ ಮೀಡಿಯಾ ಟೈಪ್ ತಪ್ಪಿದೆ. ಬಿಳಿಯ ತುದಿಯಲ್ಲಿ ಶೇ. 5ರ ಚೌಕ ಬರಿ ಕಾಗದದಿಂದ ಬೇರ್ಪಟ್ಟು ಕಾಣಬೇಕು. ನಡುವೆ ಎಲ್ಲಾದರೂ ಬೂದು ಹಸಿರಿಗೋ ಕೆಂಪಿಗೋ ಜಾರಿದ್ದರೆ ಅದೂ ಇಲ್ಲೇ ಸಿಕ್ಕಿಬೀಳುತ್ತದೆ, ಚಿತ್ರದಲ್ಲಿ ಅದನ್ನು ಹುಡುಕುವುದು ಕಷ್ಟ. ಪಟ್ಟಿಯ ಹಿಂದೆ ಕಾಗದ, ಇಂಕು, ಮೀಡಿಯಾ ಟೈಪ್ ಪೆನ್ಸಿಲಿನಲ್ಲಿ ಬರೆದಿಡಿ.

ಪ್ರಶ್ನೆ: ಬೇರೆ ಕಂಪನಿಯ ರೀಫಿಲ್ ಇಂಕು ಹಾಕಬಹುದೇ?

ಉತ್ತರ: ಬಣ್ಣದ ಪೋಸ್ಟರಿಗೆ ಹಾಕಿ. ಕಪ್ಪುಬಿಳುಪಿಗೆ ಹೆಸರಿಲ್ಲದ ಇಂಕು ಹಾಕಬೇಡಿ. ಪ್ರಿಂಟರಿನ ಲೆಕ್ಕಾಚಾರವೆಲ್ಲ ತನ್ನ ಬೂದು ಎಷ್ಟು ತಿಳಿ ಎಂಬುದರ ಮೇಲೆ ನಿಂತಿದೆ. ಬಾಟಲಿಯಿಂದ ಬಾಟಲಿಗೆ ಆ ತಿಳಿತನ ಬದಲಾದರೆ ಒಂದು ಹಂತದಿಂದ ಇನ್ನೊಂದಕ್ಕೆ ದಾಟುವ ಕಡೆ ಗೆರೆ ಬೀಳುತ್ತದೆ. ಡೈ ಯಂತ್ರಕ್ಕೆ ಪಿಗ್ಮೆಂಟ್ ಸುರಿಯುವ ಪ್ರಯೋಗವಂತೂ ನಾಜಲನ್ನು ಪಣಕ್ಕಿಟ್ಟಂತೆ. ನಾಜಲ್ ಕಟ್ಟದಿರಲು ಸುಲಭದ ದಾರಿ ವಾರಕ್ಕೊಂದು ಸಣ್ಣ ಪ್ರಿಂಟ್, ಎಲ್ಲ ಇಂಕುಗಳೂ ಹರಿಯುವಂಥದ್ದು. ಕೋಣೆಯ ಗಾಳಿ ತೀರಾ ಒಣಗಿರಬಾರದು, ತೇವಾಂಶ ಶೇ. 40ರಿಂದ 60 ಇದ್ದರೆ ಒಳ್ಳೆಯದು. ದೊಡ್ಡ ಕಾಗದ ಹಾಕುವ ಮುಂಚೆ ನಾಜಲ್ ಚೆಕ್ ಮಾಡಿ.

ಪ್ರಶ್ನೆ: ಪ್ರಿಂಟರಿನಲ್ಲಿರುವ ಬಣ್ಣದ ಇಂಕುಗಳನ್ನೆಲ್ಲ ತೆಗೆದು ಬರೀ ಬೂದು ಇಂಕುಗಳನ್ನೇ ತುಂಬುತ್ತಾರಂತೆ, ಹೌದೇ?

ಉತ್ತರ: ಹೌದು. ಅಮೆರಿಕದ ಜಾನ್ ಕೋನ್ ಅವರ ಪೀಜೋಗ್ರಫಿ ಎಂಬ ಇಂಕಿನ ವ್ಯವಸ್ಥೆ ಇದರಲ್ಲಿ ಹೆಸರುವಾಸಿ. ಸಯಾನ್, ಮೆಜೆಂಟಾ ಇದ್ದ ಜಾಗಗಳಲ್ಲೆಲ್ಲ ಒಂದಕ್ಕಿಂತ ಒಂದು ತಿಳಿಯಾದ ಇಂಗಾಲದ ಇಂಕುಗಳು ಕೂರುತ್ತವೆ. ತಿಳಿ ಭಾಗದಲ್ಲಿ ಬರುವ ನಯ ಬೇರೆ ಯಾವ ಇಂಕ್‌ಜೆಟ್‌ನಲ್ಲೂ ನಾನು ಕಂಡಿಲ್ಲ. ಮೂಲ ಡ್ರೈವರ್ ಇದಕ್ಕೆ ಒಗ್ಗುವುದಿಲ್ಲ. ರಾಯ್ ಹ್ಯಾರಿಂಗ್ಟನ್ ಅವರ ಕ್ವಾಡ್‌ಟೋನ್ ರಿಪ್ ಎಂಬ ತಂತ್ರಾಂಶ ಒಂದೊಂದು ಇಂಕನ್ನೂ ಬೇರೆಬೇರೆಯಾಗಿ ಆಳುತ್ತದೆ. ಅದನ್ನು ಎಪ್ಸನ್ನಿನ ಸ್ವಂತ ಇಂಕುಗಳೊಂದಿಗೂ ಬಳಸಬಹುದು, ಹಾಗಾಗಿ ಇಂಕು ಬದಲಿಸುವ ಮೊದಲು ಅದನ್ನೇ ಪ್ರಯತ್ನಿಸಿ ಎಂದು ನನ್ನ ಸಲಹೆ. ಇಂಕು ಬದಲಿಸಿದ ಯಂತ್ರದಲ್ಲಿ ಮತ್ತೆ ಬಣ್ಣದ ಚಿತ್ರ ತೆಗೆಯಲಾಗದು. ಇದಕ್ಕೆಂದೇ ಮೀಸಲಾದ ಎರಡನೆಯ ಪ್ರಿಂಟರ್ ಇಡುವವರು, ಪಟ್ಟಿ ತೆಗೆದು ಅಳೆದು ತಿದ್ದುವ ತಾಳ್ಮೆ ಇರುವವರು ಇಳಿಯಬೇಕಾದ ಹಾದಿ ಇದು.

ಪ್ರಶ್ನೆ: ಫ್ರೇಮ್ ಹಾಕಿಸಿದ ಪ್ರಿಂಟಿನ ಗಾಜಿನ ಒಳಗಡೆ ಮಂಜು ಕವಿದಂತಾಗಿದೆ. ಇದೂ ಇಂಕಿನ ತೊಂದರೆಯೇ?

ಉತ್ತರ: ಇಂಕಿನದೇ. ಇಂಕಿನಲ್ಲಿ ನೀರಿನ ಜೊತೆ ಗ್ಲೈಕಾಲ್‌ನಂಥ ನಿಧಾನ ಆರುವ ದ್ರವಗಳಿರುತ್ತವೆ. ಮುಟ್ಟಿದರೆ ಒಣಗಿದೆ ಎನಿಸಿದರೂ ಅವು ಇನ್ನೂ ಹೊರಬರುತ್ತಿರುತ್ತವೆ, ಗಾಜು ಹಾಕಿದರೆ ಅದಕ್ಕೇ ಹೋಗಿ ಅಂಟುತ್ತವೆ. ಹಿಂದುಮುಂದು ಪ್ಲಾಸ್ಟಿಕ್ ಪದರ ಇರುವ ಫೋಟೋ ಕಾಗದದಲ್ಲಿ ಇದು ಹೆಚ್ಚು. ಫ್ರೇಮ್ ಬಿಚ್ಚಿಸಿ, ಗಾಜನ್ನು ಒರೆಸಿ. ಪ್ರಿಂಟಿನ ಮೇಲೆ ಸಾದಾ ಕಾಗದ ಹೊದಿಸಿ ಒಂದು ದಿನ ಬಿಡಿ, ಅದು ದ್ರವವನ್ನು ಹೀರಿ ಸುಕ್ಕಾಗಿದ್ದರೆ ಬೇರೆ ಹಾಳೆ ಹಾಕಿ ಇನ್ನೊಂದು ದಿನ ಇಡಿ. ಮತ್ತೆ ಫ್ರೇಮ್ ಮಾಡಿಸುವಾಗ ಆಮ್ಲರಹಿತ ಮೌಂಟ್ ಬೋರ್ಡ್ ಕೇಳಿ. ಗಾಜು ಪ್ರಿಂಟಿಗೆ ತಾಗದಷ್ಟು ಅದು ದಪ್ಪ ಇರಲಿ.